ಗಾಳಿಗೊಂದು ಕಣ್ಣು

ಇಂಗ್ಲೆಂಡಿನ ಯಾರ್ಕ್ ಪೇಟೆಯ ನಡುವೆ ಕಾಪರ್‌ಗೇಟ್ ಅಂತ ಒಂದು ಬೀದಿ. 1976ರಿಂದ 1981ರವರೆಗೆ ಅಲ್ಲಿ ಅಗೆದಾಗ ಉತ್ತರ ಯೂರೋಪಿನ ಸ್ಕ್ಯಾಂಡಿನೇವಿಯಾದಿಂದ ಕಡಲು ದಾಟಿ ಬಂದಿದ್ದ ವೈಕಿಂಗರ ಸಾವಿರ ವರ್ಷ ಹಳೆಯ ಕೇರಿ ಸಿಕ್ಕಿತು. ನೆಲ ಸದಾ ಒದ್ದೆ ಇದ್ದದ್ದರಿಂದ ಮರ, ಚರ್ಮ, ಬಟ್ಟೆ ಕೂಡ ಪೂರ್ತಿ ಕೊಳೆತಿರಲಿಲ್ಲ. ಈಗ ಅದೇ ಜಾಗದಲ್ಲಿ ಯೋರ್ವಿಕ್ ವೈಕಿಂಗ್ ಸೆಂಟರ್ ಇದೆ. ಆ ಕೇರಿಯನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಸಣ್ಣ ಬಂಡಿಯಲ್ಲಿ ಕೂತು ನೋಡುತ್ತಾ ಹೋಗಬೇಕು.

ಕಳೆದ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಎಲ್ಲವನ್ನೂ ವಾಸನೆ ಸಮೇತ ತೋರಿಸುತ್ತಾರೆ! ಅವಳು ಮೂಗು ಮುಚ್ಚಿಕೊಂಡೇ ಕೇಳಿದಳು: "ಅಪ್ಪಾ, ಇವರ ಮನೆಗೆ ಗಾಜಿನ ಕಿಟಕಿ ಇಲ್ವಾ?"

ಎಂಥಾ ಒಳ್ಳೆ ಪ್ರಶ್ನೆ! ವಿಂಡೋ ಅನ್ನುವ ಪದವನ್ನು ಇಂಗ್ಲಿಷಿಗೆ ಕೊಟ್ಟಿದ್ದೇ ಈ ಜನರ ನುಡಿ. ಹಳೆಯ ನಾರ್ಸ್‌ನಲ್ಲಿ ಅದು ವಿಂಡ್‌ಔಗ. ವಿಂಡ್ ಅಂದರೆ ಗಾಳಿ, ಔಗ ಅಂದರೆ ಕಣ್ಣು. ನಡುಮನೆಯಲ್ಲೇ ಒಲೆ ಉರಿಯುತ್ತಿದ್ದ ಕಾಲ. ಹೊಗೆ ಹೋಗಬೇಕು, ಗಾಳಿ ಬರಬೇಕು. ಅದಕ್ಕೊಂದು ಕಿಂಡಿ, ಅಷ್ಟೇ.

ಅದಕ್ಕೂ ಮೊದಲು ಇಂಗ್ಲಿಷರು ಕಿಟಕಿಗೆ 'ಕಣ್ಣಿನ ತೂತು' ಎಂಬ ಅರ್ಥದ ಪದ ಬಳಸುತ್ತಿದ್ದರು. ತೂತಿಗೆ ಅವರು ಹೇಳುತ್ತಿದ್ದದ್ದು ಥಿರ್ಲ್. ಕಿಟಕಿಯಿಂದ ಆ ಪದ ಹೋಯಿತು, ಆದರೆ ಮೂಗಿನ ಹೊಳ್ಳೆಯಲ್ಲಿ ಉಳಿಯಿತು. ನಾಸ್ಟ್ರಿಲ್ ಅಂದರೆ ಮೂಗಿನ ತೂತು. ಮಗಳಿಗೆ ಇದನ್ನು ಹೇಳಿದ ಮೇಲೆ ಹೊಳ್ಳೆ ಮುಟ್ಟಿ ಮುಟ್ಟಿ ನೋಡಿಕೊಂಡಳು.

ನನಗೆ ತುಂಬಾ ಇಷ್ಟವಾಗುವುದು ಮುಂದಿನ ಕಥೆ. ಡೇನರು, ಅಂದರೆ ಡೆನ್ಮಾರ್ಕ್ ಕಡೆಯ ವೈಕಿಂಗರು, 866ರಲ್ಲಿ ಯಾರ್ಕ್ ಹಿಡಿದರು. 954ರಲ್ಲಿ ಅಲ್ಲಿನ ಕೊನೆಯ ವೈಕಿಂಗ್ ರಾಜ ಎರಿಕ್‌ನನ್ನು ಓಡಿಸಲಾಯಿತು. ಆದರೆ ಅಕ್ಕಪಕ್ಕದ ಮನೆಯವರಾಗಿ ಬಾಳಿದ ಜನ ಎಲ್ಲಿಗೆ ಹೋಗುತ್ತಾರೆ? ಅವರ ನೈಫ್, ಎಗ್, ಸ್ಕೈ, ಹಸ್ಬೆಂಡ್ ಎಲ್ಲ ಇಂಗ್ಲಿಷಿನವೇ ಆಗಿಹೋದವು. ಆಮೇಲೆ ಅರಮನೆಯಲ್ಲಿ ಆಡುತ್ತಿದ್ದ ಫ್ರೆಂಚಿನಿಂದ ಕಿಟಕಿಗೆ ಫೆನೆಸ್ಟರ್ ಅನ್ನುವ ಪದ ಬಂತು. ಕೆಲವು ಶತಮಾನ ಎರಡೂ ನಡೆದವು, ಕೊನೆಗೆ ಉಳಿದದ್ದು ವಿಂಡೋ. ಅರಮನೆಯ ಭಾಷೆಯ ಎದುರು ಒಲೆ ಪಕ್ಕದ ಪದ ಗೆದ್ದಿತು, ಅಲ್ವಾ!

ವಾಪಸ್ ಬರುವಾಗ ರೈಲಿನಲ್ಲಿ ನಮ್ಮ ಗವಾಕ್ಷದ ಬಗ್ಗೆ ಹೇಳಿದೆ. ಅದೂ ಕಣ್ಣೇ, ಗೋವಿನ ಕಣ್ಣು. ಊರಿಗೆ ಹೋದಾಗ ಅವಳಿಗೆ ಪಟ್ಟದಕಲ್ಲು ತೋರಿಸಬೇಕು. ವಿರೂಪಾಕ್ಷ ಗುಡಿಯ ಗೋಡೆಗಳಲ್ಲಿ ಕಲ್ಲನ್ನೇ ಕೊರೆದು ಮಾಡಿದ ಜಾಲಂದ್ರಗಳಿವೆ. ಎಂಟನೇ ಶತಮಾನದವು, ವೈಕಿಂಗರು ಯಾರ್ಕಿಗೆ ಕಾಲಿಡುವುದಕ್ಕಿಂತಲೂ ಹಳೆಯವು.