ಮದುವೆ ವರ್ಷದ ಪೋರ್ಟ್ ಹುಡುಕಿಕೊಂಡು ಪೋರ್ಚುಗಲ್‌ಗೆ

ಅಕ್ಕ-ಭಾವನ ಮದುವೆ ಆಗಿದ್ದು 2000ದ ಮೇ ತಿಂಗಳಲ್ಲಿ. ಬೆಳ್ಳಿಹಬ್ಬಕ್ಕೆ ಅದೇ ವರ್ಷದ ವಿಂಟೇಜ್ ಪೋರ್ಟ್, ಅಂದರೆ ಒಂದೇ ವರ್ಷದ ದ್ರಾಕ್ಷಿಯಿಂದ ಮಾಡಿದ ಪೋರ್ಚುಗಲ್‌ನ ಸಿಹಿ ವೈನ್, ತೆಗೆಯಬೇಕು ಅನ್ನುವುದು ಭಾವನ ಬಹಳ ದಿನದ ಆಸೆ. ಅದನ್ನು ತರುವ ನೆಪದಲ್ಲಿ ನಾನೂ ನಮ್ಮ ಮನೆಯವರೂ ಪೋರ್ಚುಗಲ್ ನೋಡಿ ಬಂದೆವು.

ಇದೇ ಯೋಚನೆ ಇದ್ದರೆ, ಟಿಕೆಟ್‌ಗೂ ಮೊದಲು ನಿಮ್ಮ ವರ್ಷ ಯಾವುದು ನೋಡಿಕೊಳ್ಳಿ. ದೊಡ್ಡ ಕಂಪನಿಗಳು ತಮ್ಮ ಮುಖ್ಯ ವಿಂಟೇಜನ್ನು ಪ್ರತಿ ವರ್ಷ ತರುವುದಿಲ್ಲ. ಬೆಳೆ ತುಂಬಾ ಚೆನ್ನಾಗಿ ಬಂದ ವರ್ಷ ಮಾತ್ರ ಘೋಷಿಸುತ್ತವೆ. ಹತ್ತು ವರ್ಷಕ್ಕೆ ಸುಮಾರು ಮೂರು ಸಲ ಅಷ್ಟೇ. 1994, 1997, 2000, 2003, 2007, 2011 ಅಂಥ ವರ್ಷಗಳು. ನಿಮ್ಮದು ಅದರಲ್ಲಿಲ್ಲವಾ? ಬೇಜಾರು ಬೇಡ, ‘ಕೊಲ್ಯೇಟ’ ಕೇಳಿ. ಅದೂ ಒಂದೇ ವರ್ಷದ ದ್ರಾಕ್ಷಿಯದು, ಕನಿಷ್ಠ 7 ವರ್ಷ ಮರದ ಪೀಪಾಯಿಯಲ್ಲಿ ಮಾಗಿರುತ್ತದೆ. ವಿಂಟೇಜ್ ಹಾಗಲ್ಲ. ಎರಡು-ಮೂರು ವರ್ಷಕ್ಕೇ ಬಾಟಲಿ ಸೇರಿ, ಆಮೇಲೆ ದಶಕಗಟ್ಟಲೆ ಅಲ್ಲೇ ಮಾಗುತ್ತದೆ.

ಈ ವೈನಿನ ಊರು ಪೋರ್ಟೊ. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನ ಇಲ್ಲ. ನಾವು ದುಬೈ ಮೇಲೆ ಲಿಸ್ಬನ್‌ಗೆ ಹೋಗಿ ರೈಲು ಹಿಡಿದೆವು, ಮೂರು ಗಂಟೆ ಚಿಲ್ಲರೆ ದಾರಿ. ಷೆಂಗೆನ್ ವೀಸಾಕ್ಕೆ ಬೇಗ ಅರ್ಜಿ ಹಾಕಿ. ಸಸ್ಯಾಹಾರಿಗಳು ‘ಕಾಲ್ಡೊ ವೆರ್ಡೆ’ ಅನ್ನುವ ಸೊಪ್ಪಿನ ಸೂಪ್ ನೋಡಿ ಖುಷಿಪಡಬೇಡಿ, ಅದರಲ್ಲಿ ಸಾಸೇಜ್ ಹಾಕುತ್ತಾರೆ.

ಪೋರ್ಟ್ ಕಂಪನಿಗಳ ಉಗ್ರಾಣಗಳು ಇರುವುದು ಡೌರೊ ನದಿಯ ಆಚೆ ದಡದಲ್ಲಿ, ವಿಲಾ ನೋವಾ ಡಿ ಗಾಯಾದಲ್ಲಿ. 1886ರಲ್ಲಿ ತೆರೆದ ಕಬ್ಬಿಣದ ಸೇತುವೆಯ ಮೇಲಂತಸ್ತಿನಲ್ಲಿ ನಡೆದೇ ಹೋಗಿ, ನೋಟ ಚೆನ್ನಾಗಿದೆ. ಮೆಟ್ರೊ ಪಕ್ಕದಲ್ಲೇ ಓಡುತ್ತದೆ, ಹುಷಾರು. ಟೇಲರ್ಸ್, ಗ್ರಹಾಮ್ಸ್, ಸ್ಯಾಂಡಮನ್, ಫೆರೇರಾ ಎಲ್ಲವೂ ಅಲ್ಲೇ. ದ್ರಾಕ್ಷಿ ಬೆಳೆಯುವುದು ಮಾತ್ರ ನದಿಯ ಮೇಲ್ಭಾಗದ ಬೆಟ್ಟಗಳಲ್ಲಿ. ಪಿಞಾವ್‌ವರೆಗೆ ರೈಲಿದೆ, ಹೋಗುವಾಗ ಬಲಗಡೆ ಕೂತರೆ ನದಿ ಕಾಣುತ್ತದೆ. ರಸ ಹುದುಗುತ್ತಿರುವಾಗಲೇ ಅದಕ್ಕೆ ಖಡಕ್ ದ್ರಾಕ್ಷಿ ಸಾರಾಯಿ ಸುರಿದು ಹುದುಗು ನಿಲ್ಲಿಸುತ್ತಾರೆ. ಅದಕ್ಕೇ ಸಿಹಿ ಉಳಿಯುತ್ತದೆ, ಆಲ್ಕೋಹಾಲೂ ಶೇ. 20ರಷ್ಟು ಇರುತ್ತದೆ. ಗೋವಾದಿಂದ ತರುತ್ತೀವಲ್ಲ ಪೋರ್ಟ್ ವೈನ್, ಅದನ್ನು ನೆನೆಸಿಕೊಂಡು ಇದನ್ನು ಅಳೆಯಬೇಡಿ.

ಉಗ್ರಾಣದ ಟೂರ್ ಟಿಕೆಟ್‌ಗೆ ಸಾಮಾನ್ಯವಾಗಿ ರುಚಿಗೆ ಸಿಗುವುದು ರೂಬಿ (ಕೆಂಪು ಪೋರ್ಟ್), ವೈಟ್ (ಬಿಳಿ), ಟಾನಿ (ಮರದ ಪೀಪಾಯಿಯಲ್ಲಿ ಮಾಗಿ ಕಂದು ಬಣ್ಣಕ್ಕೆ ತಿರುಗಿದ್ದು). ಹಳೆ ವಿಂಟೇಜ್ ಬೇಕೆಂದರೆ ಗ್ಲಾಸ್ ಲೆಕ್ಕದಲ್ಲಿ ಬೇರೆ ದುಡ್ಡು. ಕೊಡಿ, ಜಿಪುಣತನ ಬೇಡ. ಇಡೀ ಬಾಟಲಿಗೆ ದುಡ್ಡು ಸುರಿಯುವ ಮೊದಲು ನಿಮ್ಮ ನಾಲಿಗೆಗೆ ಅದು ಹಿಡಿಸುತ್ತಾ ಗೊತ್ತಾಗಬೇಕಲ್ವಾ? ನಮ್ಮ ಮನೆಯವರಿಗೆ 20 ವರ್ಷದ ಟಾನಿಯೇ ಜಾಸ್ತಿ ಇಷ್ಟವಾಯಿತು.

ಅಲ್ಲಿ ಊರೊಳಗಿನ ಅಂಗಡಿಯಲ್ಲಿ ಕೊಂಡ ಬಾಟಲಿಯನ್ನು ಹ್ಯಾಂಡ್ ಬ್ಯಾಗಲ್ಲಿ ಬಿಡುವುದಿಲ್ಲ. ಬಟ್ಟೆ ಸುತ್ತಿ ಚೆಕ್-ಇನ್ ಸೂಟ್‌ಕೇಸಿನ ನಡುವೆ ಇಡಿ. ದೊಡ್ಡವರು ಒಬ್ಬೊಬ್ಬರು 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಬಿಲ್ ಜೊತೆಗಿರಲಿ.

ಇನ್ನು ಮನೆಗೆ ಬಂದ ಮೇಲಿನ ಕೆಲಸ. ಹಳೆ ವಿಂಟೇಜಿನ ತಳದಲ್ಲಿ ಫಿಲ್ಟರ್ ಕಾಫಿಯ ಹಾಗೆ ಗಸಿ ಇರುತ್ತದೆ. ಪ್ರಯಾಣದಲ್ಲಿ ಅದೆಲ್ಲ ಕದಡಿರುತ್ತದೆ. ಆದ್ದರಿಂದ ಬಂದ ವಾರವೇ ತೆಗೆಯಬೇಡಿ, ಕೆಲವು ವಾರ ತಣ್ಣಗಿನ ಕತ್ತಲೆ ಬೀರುವಿನಲ್ಲಿ ಮಲಗಿಸಿ. ಅಡುಗೆಮನೆ ಅಟ್ಟ ಬೇಡವೇ ಬೇಡ. ಸಮಾರಂಭದ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿ. ಹಳೆ ಕಾರ್ಕ್ ಪುಡಿಯಾಗುವುದು ಮಾಮೂಲು. ಅದಕ್ಕೆ ಎರಡು ತೆಳು ಅಲಗಿನ ಓಪನರ್ ಸಿಗುತ್ತದೆ, ಅಲ್ಲೇ ಕೊಂಡುಬನ್ನಿ. ಕುಡಿಯುವ ಎರಡು ಗಂಟೆ ಮೊದಲು ಗಾಜಿನ ಜಗ್ಗಿಗೆ ನಿಧಾನವಾಗಿ ಬಗ್ಗಿಸಿ. ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿದರೆ ಗಸಿ ಬರುವುದು ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ. ಕಾರ್ಕ್ ಚೂರು ಬಿದ್ದರೆ ತೆಳು ಹತ್ತಿ ಬಟ್ಟೆಯಲ್ಲಿ ಸೋಸಿದರಾಯಿತು. ಮೇ ತಿಂಗಳ ಬೆಂಗಳೂರಲ್ಲಿ ಜಗ್ಗನ್ನು ಹಾಗೇ ಇಟ್ಟರೆ ಸಾರಾಯಿಯ ಘಾಟು ಮೂಗಿಗೆ ಹೊಡೆಯುತ್ತದೆ. ಕೊಡುವ ಮುಂಚೆ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ.

ಹೋಳಿಗೆ ಊಟದ ಬೆನ್ನಿಗೇ ಕೊಡಬೇಡಿ, ಬೆಲ್ಲದ ಮುಂದೆ ಇದು ಸಪ್ಪೆ. ನಾವು ಸಂಜೆ ಬಾದಾಮಿ, ಅಕ್ರೋಟು, ಚೀಸ್ ಇಟ್ಟುಕೊಂಡು ಕೂತೆವು. ಬ್ಲೂ ಚೀಸ್ ವಾಸನೆಗೆ ಅಕ್ಕ ಮೂಗು ಮುಚ್ಚಿಕೊಂಡಳು, ಭಾವ ಮಾತ್ರ ಬಿಡಲಿಲ್ಲ. ಬಣ್ಣ ಅಂಚಿನಲ್ಲಿ ಇಟ್ಟಿಗೆ ಕಡೆ ತಿರುಗಿತ್ತು. ಬಾಯಲ್ಲಿ ಮೊದಲು ಒಣ ಅಂಜೂರ, ಆಮೇಲೆ ನೇರಳೆ ಹಣ್ಣಿನ ಒಗರು, ಕೊನೆಗೆ ಕಾಳುಮೆಣಸಿನಂಥ ಸಣ್ಣ ಖಾರ. ನುಂಗಿದ ಮೇಲೂ ಬಹಳ ಹೊತ್ತು ಇತ್ತು.

ತಲಾ 60 ಎಂಎಲ್ ಸಾಕು, ಒಂದು ಬಾಟಲಿ ಹತ್ತು ಜನಕ್ಕೆ ಬರುತ್ತದೆ. ಉಳಿದರೆ ಎರಡು ದಿನದೊಳಗೆ ಮುಗಿಸಬೇಕು. ಟಾನಿಯಾದರೆ ಫ್ರಿಜ್‌ನಲ್ಲಿ ಕೆಲವು ವಾರ ಇರುತ್ತದೆ. ಇಬ್ಬರೇ ಇರುವ ಮನೆಗೆ ಅದೇ ವಾಸಿ.