ಹಕ್ಕಿ ಬರಲಿಲ್ಲ

ಇವತ್ತು ಒಂದು ಎಲೆಯನ್ನೇ ನೋಡುತ್ತಾ ಇಪ್ಪತ್ತು ನಿಮಿಷ ನಿಂತಿದ್ದೆವು. ಎಂಟು ಜನ, ಬರಿಗಾಲಲ್ಲಿ, ತುಟಿ ಪಿಟಕ್ಕೆನ್ನದೆ.

ಪಶ್ಚಿಮ ಸಿಕ್ಕಿಂನ ಖೆಚಿಯೋಪಲ್ರಿ ಸರೋವರ. ಸುಮಾರು 1700 ಮೀಟರ್ ಎತ್ತರ, ಸುತ್ತ ದಟ್ಟ ಕಾಡು. ಆದರೂ ನೀರಿನ ಮೇಲೆ ಒಂದೇ ಒಂದು ಎಲೆ ನಿಲ್ಲುವುದಿಲ್ಲವಂತೆ. ಬಿದ್ದ ಕೂಡಲೇ ಹಕ್ಕಿ ಬಂದು ಕಚ್ಚಿಕೊಂಡು ಹೋಗುತ್ತದಂತೆ. ಬೌದ್ಧರಿಗೂ ಹಿಂದೂಗಳಿಗೂ ಪವಿತ್ರ ಜಾಗ. ಮನಸ್ಸಲ್ಲಿ ಏನು ಬೇಡಿಕೊಂಡರೂ ಈಡೇರುತ್ತೆ ಅನ್ನುತ್ತಾರೆ.

ಚಪ್ಪಲಿ ಬಿಟ್ಟು ಮರದ ಹಲಗೆ ಮೇಲೆ ಕಾಲಿಟ್ಟರೆ ಪಾದ ಜುಮ್ ಅಂತು. ಅಷ್ಟು ತಣ್ಣಗೆ.

ಆಗ ಬಿತ್ತು ನೋಡಿ. ಹಳದಿ ಎಲೆ, ಅಂಚು ಮಾತ್ರ ಕಂದು, ಕಾಗದದ ದೋಣಿಯ ಹಾಗೆ ಸ್ವಲ್ಪ ಮಡಚಿಕೊಂಡಿತ್ತು. ಸುಮ್ನೆ ತೇಲುತ್ತಿತ್ತು. ಹಕ್ಕಿ ಬರಲಿಲ್ಲ. ಗಾಳಿಯೇ ಅದನ್ನು ನಿಧಾನಕ್ಕೆ ದಡದ ಹುಲ್ಲಿನ ಕಡೆ ತಳ್ಳಿತು.

"ಹಕ್ಕಿಗೆ ಇವತ್ತು ರಜೆ ಕಣ್ರೋ" ಅಂದ ಒಬ್ಬ. ಯಾರೂ ನಗಲಿಲ್ಲ.

ಹೋಗೋ ದಿನ ಯಾವುದು ಅಂತ ಎರಡು ತಿಂಗಳು ವಾಟ್ಸಾಪಲ್ಲಿ ಕಿತ್ತಾಡಿದವರು ನಾವು. ಎಂಟೂ ಜನ ಒಂದೇ ಕಡೆ ನೋಡಿದ್ದು ಬಹುಶಃ ಇದೇ ಮೊದಲು.

ಜೀಪು ಹತ್ತಿದ ಮೇಲೆ ನೆನಪಾಯಿತು. ಬೇಡಿಕೊಳ್ಳೋದನ್ನೇ ಮರೆತಿದ್ದೆ.