ಗಾಂಧಿ ಕ್ಲಾಸಿನಿಂದ ಮನಿಲಾವರೆಗೆ

ಮಾನಸಗಂಗೋತ್ರಿಯಲ್ಲಿ ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದ ಕಾಲದಲ್ಲಿ ನಮ್ಮ ಪಾಲಿನ ಹೊರಜಗತ್ತಿಗೆ ಖಚಿತವಾದ ಒಂದು ನಕಾಶೆಯಿತ್ತು. ಅದರಲ್ಲಿ ನೈಜೀರಿಯಾ ಇತ್ತು, ಕೆನ್ಯಾ ಇತ್ತು, ಕೆನಡಾ, ಆಸ್ಟ್ರೇಲಿಯಾ, ಟ್ರಿನಿಡಾಡ್‌ಗಳಿದ್ದವು. ಸಿ.ಡಿ. ನರಸಿಂಹಯ್ಯನವರ ದೆಸೆಯಿಂದ ಮೈಸೂರು ಕಾಮನ್‌ವೆಲ್ತ್ ಸಾಹಿತ್ಯದ ಅಧ್ಯಯನಕ್ಕೆ ಹೆಸರಾಗಿತ್ತು. ಅವರು 1979ರಲ್ಲಿ ಸ್ಥಾಪಿಸಿದ ಧ್ವನ್ಯಾಲೋಕಕ್ಕೆ ಹೋಗಿ ಆ ದೇಶಗಳ ಕಾದಂಬರಿಗಳನ್ನು ಓದುತ್ತಿದ್ದ ನಾವು ಇಡೀ ಜಗತ್ತನ್ನೇ ಓದುತ್ತಿದ್ದೇವೆಂದು ನಂಬಿದ್ದೆವು. ಆ ನಕಾಶೆಯ ಗೆರೆಗಳನ್ನು ಎಳೆದವರು ಬ್ರಿಟಿಷರೆಂಬುದು ನನಗೆ ಹೊಳೆಯಲು ಇನ್ನೂ ಕೆಲವು ವರ್ಷಗಳು ಬೇಕಾದವು. 1565ರಿಂದ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಸ್ಪೇನಿನ ಕೈಯಲ್ಲಿದ್ದು, 1898ರಲ್ಲಿ ಎರಡು ಕೋಟಿ ಡಾಲರಿಗೆ ಅಮೆರಿಕದ ವಶವಾಗಿ, 1946ರಲ್ಲಿ ಸ್ವತಂತ್ರವಾದ ಫಿಲಿಪ್ಪೀನ್ಸಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಅಲ್ಲಿನವರು ಇಂಗ್ಲಿಷಿನಲ್ಲಿ ನಮಗಿಂತ ಕಡಿಮೆಯೇನೂ ಬರೆದಿರಲಿಲ್ಲ. ಆದರೆ ಅವರ ಇಂಗ್ಲಿಷ್ ಬೇರೆ ದೊರೆಯದು.

ಕನ್ನಡಿಗರಿಗೆ ಆ ದೇಶದ ಪರಿಚಯವಾದದ್ದು ಅಲ್ಲಿ ಕೊಡುವ ಮ್ಯಾಗ್ಸೇಸೆ ಪ್ರಶಸ್ತಿಯ ಮೂಲಕ. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಅವರಿಗೆ 1984ರಲ್ಲಿ, ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಅದು ಸಂದದ್ದು ನಮ್ಮ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಲಕ್ಷ್ಮಣ್ ಅವರಿಗೆ ಬಂದ ಮರುವರ್ಷವೇ, ಅದೇ ವಿಭಾಗದಲ್ಲಿ, ಲೀನೋ ಬ್ರೋಕಾ ಎಂಬ ಚಿತ್ರನಿರ್ದೇಶಕನಿಗೆ ಪ್ರಶಸ್ತಿ ಬಂದಿತ್ತು. ಆ ಹೆಸರನ್ನು ನಾನು ಮೊದಲು ಕೇಳಿದ್ದು ಎಂ.ಎ. ಮುಗಿದ ಮೇಲೆ, ಪುಣೆಯ ಚಲನಚಿತ್ರ ರಸಗ್ರಹಣ ಶಿಬಿರದಲ್ಲಿ.

ಅಲ್ಲಿ ನಮಗೆ ತೋರಿಸಿದ್ದು ಬ್ರೋಕಾ 1975ರಲ್ಲಿ ಮಾಡಿದ, ಮನಿಲಾ ನಗರವನ್ನು ಕುರಿತ ಚಿತ್ರ. ಹಳ್ಳಿಯ ಬೆಸ್ತರ ಹುಡುಗನೊಬ್ಬ, ಕೆಲಸ ಕೊಡಿಸುತ್ತೇನೆಂದು ಯಾರೋ ಕರೆದೊಯ್ದ ತನ್ನ ಪ್ರೇಯಸಿಯನ್ನು ಹುಡುಕಿಕೊಂಡು ನಗರಕ್ಕೆ ಬರುತ್ತಾನೆ. ಹೊಟ್ಟೆಪಾಡಿಗೆ ಕಟ್ಟಡದ ಕೆಲಸಕ್ಕೆ ಸೇರುತ್ತಾನೆ. ಪುಸ್ತಕದಲ್ಲಿ ಒಂದು ಮೊತ್ತಕ್ಕೆ ಸಹಿ ಮಾಡಿಸಿಕೊಂಡು ಕೈಗೆ ಅದಕ್ಕಿಂತ ಕಡಿಮೆ ಕೂಲಿ ಕೊಡುವ ದೃಶ್ಯ ಬಂದಾಗ ನನ್ನ ಪಕ್ಕದಲ್ಲಿದ್ದ ದೆಹಲಿಯ ಗೆಳೆಯನೊಬ್ಬ ನೆರಳು-ಬೆಳಕಿನ ವಿನ್ಯಾಸದ ಬಗ್ಗೆ ಏನನ್ನೋ ಬರೆದುಕೊಳ್ಳುತ್ತಿದ್ದ. ನನಗೆ ನೆನಪಾದದ್ದು ಮಂಡ್ಯದ ನಾಲೆ ದುರಸ್ತಿಗೆ ಹೋಗಿ ಬಂದ ಅಪ್ಪ, ಜಗಲಿಯ ಮೇಲೆ ಕುಳಿತು ನೋಟುಗಳನ್ನು ಎರಡೆರಡು ಸಲ ಎಣಿಸುತ್ತಿದ್ದುದು. ಆ ಚಿತ್ರದ ಭಾಷೆಯ ಒಂದು ಪದವೂ ನನಗೆ ತಿಳಿದಿರಲಿಲ್ಲ. ಹಾಗಿದ್ದೂ ಅಡಿಬರಹ ಓದುವುದನ್ನು ಮರೆತಿದ್ದೆ.

ಸಂಶೋಧನೆಗೆ ಈ ವಿಷಯವನ್ನು ಹಿಡಿದು ಹೋದಾಗ ಎದುರಾದ ಪ್ರಶ್ನೆಗಳನ್ನು ಇಲ್ಲಿ ವಿವರವಾಗಿ ಬರೆಯಲಾರೆ. ಒಂದು ಸಂದರ್ಶನದಲ್ಲಿ ಹಿರಿಯರೊಬ್ಬರು ‘ನಮ್ಮ ಕನ್ನಡದ್ದನ್ನೇ ಓದುವವರು ಗತಿಯಿಲ್ಲ, ನೀವು ಸಮುದ್ರ ಹಾರುತ್ತೀರಲ್ಲ’ ಎಂದರು. ನಾನು ನಕ್ಕು ಸುಮ್ಮನಾದೆ, ಕೆಲಸವೂ ಸಿಗಲಿಲ್ಲ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಮೇಲ್ನೋಟಕ್ಕೆ ಉತ್ಸಾಹದಿಂದಲೇ ಬರುತ್ತಿದ್ದ ಇನ್ನೊಂದು ಬೇಡಿಕೆ. ಮಿಂದನಾವ್ ದ್ವೀಪದ ಲನಾವ್ ಸರೋವರದ ಸುತ್ತ ವಾಸಿಸುವ ಮರನಾವ್ ಮುಸ್ಲಿಮರಲ್ಲಿ ‘ಮಹಾರಾದಿಯಾ ಲವಾನಾ’ ಎಂಬ ರಾಮಾಯಣದ ಕಥನವಿದೆ. 1960ರ ದಶಕದ ಕೊನೆಯಲ್ಲಿ ಹುವಾನ್ ಫ್ರಾನ್ಸಿಸ್ಕೋ ಎಂಬ ವಿದ್ವಾಂಸರು ಅದನ್ನು ಸಂಗ್ರಹಿಸಿದರು. ಅದರಲ್ಲಿ ಕೋತಿಯ ಹೆಸರೇ ಲಕ್ಸಮಾನ. ಯಾವ ಊರಿನ ಕಾಲೇಜು ಉಪನ್ಯಾಸಕ್ಕೆ ಕರೆದರೂ ಕೇಳುವುದು ಇದೊಂದನ್ನೇ. ಕಥನವೇನೋ ಸೊಗಸಾದದ್ದು. ಆದರೆ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶವೊಂದನ್ನು ನಮ್ಮ ಮುಖ ನೋಡಿಕೊಳ್ಳುವ ಕನ್ನಡಿಯಾಗಿ ಮಾತ್ರ ಬಳಸುವುದು ನನಗೆ ಅಸಭ್ಯವೆನಿಸುತ್ತದೆ.

ಬ್ರೋಕಾನ ಚಿತ್ರದ ಭಾಷೆಯಾದ ತಗಾಲೊಗನ್ನು ನನಗೆ ಕಲಿಸಿದವರು, ಮೈಸೂರಿನ ಕಾನ್ವೆಂಟೊಂದರಲ್ಲಿ ಎರಡು ವರ್ಷ ತಂಗಿದ್ದ ಫಿಲಿಪ್ಪೀನ್ಸಿನ ಸಿಸ್ಟರ್ ಒಬ್ಬರು. ಶನಿವಾರ ಮಧ್ಯಾಹ್ನ ಅವರ ಅಂಗಳದ ಸಿಮೆಂಟು ಬೆಂಚಿನ ಮೇಲೆ ಪಾಠ ನಡೆಯುತ್ತಿತ್ತು. ಕನ್ನಡದಲ್ಲಿ ಪ್ರತ್ಯಯಗಳು ಪದದ ಬಾಲಕ್ಕೆ ಅಂಟಿದರೆ, ತಗಾಲೊಗ್ ಭಾಷೆಯಲ್ಲಿ ಅವು ಪದದ ಹೊಟ್ಟೆಯೊಳಕ್ಕೇ ಹೊಕ್ಕು ಕೂರುತ್ತವೆ: ‘ಸುಲಾತ್’ ಎಂದರೆ ಬರಹ, ‘ಸುಮುಲಾತ್’ ಎಂದರೆ ಬರೆದ ವ್ಯಕ್ತಿಯ ಮೇಲೆ ಒತ್ತು, ‘ಸಿನುಲಾತ್’ ಎಂದರೆ ಬರೆಯಲ್ಪಟ್ಟದ್ದರ ಮೇಲೆ ಒತ್ತು. ಕೇಳುಗನನ್ನು ಸೇರಿಸಿಕೊಂಡ ‘ನಾವು’ ಬೇರೆ, ಬಿಟ್ಟ ‘ನಾವು’ ಬೇರೆ. ತೆಲುಗಿನವರು ಮನಮು, ಮೇಮು ಎಂದು ಇಂದಿಗೂ ಉಳಿಸಿಕೊಂಡಿರುವ ಈ ಭೇದವನ್ನು ಕನ್ನಡ ಕಳೆದುಕೊಂಡಿದೆ. ನಡುವೆ ಗುರುತಿನ ಮುಖಗಳೂ ಸಿಗುತ್ತಿದ್ದವು. ಶಿಕ್ಷಕನಿಗೆ ಗುರೊ, ಭರವಸೆಗೆ ಆಸಾ, ಮುಖಕ್ಕೆ ಮುಕ್‌ಹಾ, ಅಂತಃಸಾಕ್ಷಿಗೆ ಬುದ್‌ಹಿ, ಬಡವನಿಗೆ ದುಕ್‌ಹಾ. ನಮ್ಮ ಮಹಾಪ್ರಾಣವನ್ನು ಅವರು ಒಡೆದು ಎರಡು ತುಂಡು ಮಾಡಿ ಉಚ್ಚರಿಸುತ್ತಾರೆ. ಸಣ್ಣಕತೆಗೆ ‘ಮಾಯ್ಕ್ಲಿಂಗ್ ಕತ್‌ಹಾ’ ಎನ್ನುತ್ತಾರೆಂದು ಸಿಸ್ಟರ್ ಹೇಳಿದ ದಿನ, ಕನ್ನಡಿ ಹಿಡಿಯಬಾರದೆಂಬ ನನ್ನ ವ್ರತ ಸ್ವಲ್ಪ ಭಂಗವಾಯಿತೆಂದು ಒಪ್ಪಿಕೊಳ್ಳಬೇಕು.

ಮನಿಲಾಕ್ಕೆ ಹೊಂದಿಕೊಂಡಿರುವ ಕೇಸೋನ್ ಸಿಟಿಯ ದಿಲಿಮಾನ್‌ನಲ್ಲಿ, ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕಳೆದ ತಿಂಗಳುಗಳು ನನ್ನ ವೃತ್ತಿಯ ದಿಕ್ಕನ್ನೇ ಬದಲಿಸಿದವು. ಅಲ್ಲಿನ ವರ್ತುಲ ರಸ್ತೆಯ ಇಕ್ಕೆಲಗಳಲ್ಲಿ ನಮ್ಮ ಮೈಸೂರಿನ ರಸ್ತೆಗಳಲ್ಲಿರುವಂಥ ಮಳೆಮರಗಳೇ ಇವೆ; ಅಲ್ಲಿ ಅವನ್ನು ಅಕೇಶಿಯಾ ಎನ್ನುತ್ತಾರೆ. ನಾನು ಹೋದದ್ದು ಬ್ರೋಕಾನಂಥ ‘ಗಂಭೀರ’ ನಿರ್ದೇಶಕರನ್ನು ಅಧ್ಯಯನ ಮಾಡಲು. ಆದರೆ ಬ್ರೋಕಾನ ಆ ಚಿತ್ರಕ್ಕೆ ಆಧಾರವಾದ ಎಡ್ಗಾರ್ಡೊ ರೇಯೆಸ್‌ನ ಕಾದಂಬರಿ ಧಾರಾವಾಹಿಯಾಗಿ ಬಂದದ್ದು ‘ಲಿವೈವೈ’ ಎಂಬ, 1922ರಲ್ಲಿ ಆರಂಭವಾದ, ಮನೆಮಂದಿಯೆಲ್ಲ ಓದುವ ವಾರಪತ್ರಿಕೆಯಲ್ಲಿ. ಹಳೆಯ ಸಂಚಿಕೆಗಳ ಪುಟ ತಿರುಗಿಸಿದರೆ ಆ ಪ್ರಪಂಚವೇ ತೆರೆದುಕೊಳ್ಳುತ್ತದೆ: 1929ರಲ್ಲಿ ಅದೇ ಪತ್ರಿಕೆಯಲ್ಲಿ ಹುಟ್ಟಿದ ಕೆಂಕೊಯ್ ಎಂಬ ವ್ಯಂಗ್ಯಚಿತ್ರದ ಪಾತ್ರ; ಮುಂದೆ ಬೀದಿಬದಿಯ ಅಂಗಡಿಗಳಲ್ಲಿ ಬಾಡಿಗೆಗೆ ಕೊಡುತ್ತಿದ್ದ ‘ಕೋಮಿಕ್ಸ್’ ಪುಸ್ತಕಗಳು; 1950ರಲ್ಲಿ ಮಾರ್ಸ್ ರವೇಲೊ ಸೃಷ್ಟಿಸಿದ ದಾರ್ನಾ ಎಂಬ ಹಾರುವ ವೀರನಾರಿ. ಇವುಗಳಿಂದ ಸಿನಿಮಾಕ್ಕೆ, ಸಿನಿಮಾದಿಂದ ಟೀವಿಗೆ ಕತೆಗಳು ಹರಿದಿವೆ. ಮೈಸೂರಿನಲ್ಲೇ ಬದುಕಿ ಬರೆದ ತ್ರಿವೇಣಿಯವರ ಕಾದಂಬರಿಗಳು ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ಅಡುಗೆಮನೆಗಳಿಗೆ, ಅಲ್ಲಿಂದ ಪುಟ್ಟಣ್ಣ ಕಣಗಾಲರ ಕ್ಯಾಮೆರಾಕ್ಕೆ ಹೋದ ದಾರಿಯೂ ಇಂಥದೇ. ಆ ದಾರಿಯ ಪಕ್ಕದಲ್ಲೇ ಬೆಳೆದಿದ್ದರೂ ನಾನು ಅದನ್ನು ಅಧ್ಯಯನಯೋಗ್ಯವೆಂದು ಎಣಿಸಿರಲಿಲ್ಲ.

ಅಲ್ಲಿ ನನಗೆ ಸಿಕ್ಕ ಅತ್ಯಂತ ಉಪಯುಕ್ತವಾದ ಪದ ‘ಬಕ್ಯಾ’. ಬಕ್ಯಾ ಎಂದರೆ ಬಡವರು ಮೆಟ್ಟುತ್ತಿದ್ದ ಮರದ ಮೆಟ್ಟು. ಅದನ್ನು ಮೆಟ್ಟಿಕೊಂಡು ಟಾಕೀಸಿಗೆ ಬರುವ, ಗೊಳೋ ಎಂದು ಅಳುವ, ಶಿಳ್ಳೆ ಹೊಡೆಯುವ ಜನರನ್ನು ಮೇಲ್ವರ್ಗದವರು ‘ಬಕ್ಯಾ ಪ್ರೇಕ್ಷಕರು’ ಎಂದು ಹೀಗಳೆಯುತ್ತಿದ್ದರು. ಕ್ರಮೇಣ ಅಗ್ಗದ ಅಭಿರುಚಿಗೇ ಅದು ಹೆಸರಾಯಿತು. ಇದನ್ನು ಇಂಗ್ಲಿಷಿಗೆ ತರಲು ವಿಮರ್ಶಕರು ಪರದಾಡುತ್ತಾರೆ. ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ: ಗಾಂಧಿ ಕ್ಲಾಸ್. ಪರದೆಗೆ ಅತಿ ಹತ್ತಿರದ, ಅತಿ ಕಡಿಮೆ ದರದ ಆ ಸಾಲುಗಳಲ್ಲಿ ಅಪ್ಪನ ತೊಡೆಯ ಮೇಲೆ ಕುಳಿತು ರಾಜ್‌ಕುಮಾರ್ ಚಿತ್ರಗಳನ್ನು ಕತ್ತೆತ್ತಿ ನೋಡಿದ ನಾನು, ಎಂ.ಎ. ಸೇರಿದ ಮೇಲೆ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಬ್ರೋಕಾ ಮಾತ್ರ ಆ ಜನರನ್ನು ಬಿಟ್ಟುಕೊಡಲಿಲ್ಲ. ಮೆಲೊಡ್ರಾಮಾವನ್ನೇ ಹಿಡಿದು, ತಾರೆಗಳನ್ನೇ ಹಾಕಿಕೊಂಡು, 1972ರಲ್ಲಿ ಅಧ್ಯಕ್ಷ ಮಾರ್ಕೋಸ್ ಹೇರಿದ ಸೈನಿಕ ಕಾನೂನಿನ ಸೆನ್ಸಾರಿನ ಕಣ್ಣೆದುರಿನಲ್ಲೇ ಕೊಳೆಗೇರಿಯ ಕತೆಗಳನ್ನು ಹೇಳಿದ. ಅವನ ‘ಇನ್ಸಿಯಾಂಗ್’ 1978ರಲ್ಲಿ ಕಾನ್ ಉತ್ಸವಕ್ಕೆ ಹೋಯಿತು; ಆ ದೇಶದಿಂದ ಅಲ್ಲಿಗೆ ಹೋದ ಮೊದಲ ಚಿತ್ರ ಅದು. 1991ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವನಿಗೆ ಇನ್ನೂ ಐವತ್ತೆರಡು.

ಒಂದು ತಪ್ಪನ್ನೂ ಇಲ್ಲಿ ದಾಖಲಿಸಬೇಕು. ಮಂಡ್ಯದವನೆಂಬ ಹೆಮ್ಮೆಯಲ್ಲಿ ನಾನು ಸಕ್ಕರೆಯನ್ನೇ ಕೇಂದ್ರವಾಗಿಟ್ಟುಕೊಂಡು ಒಂದು ದೀರ್ಘ ಪ್ರಬಂಧ ಬರೆಯಲು ಹೊರಟಿದ್ದೆ. ನೆಗ್ರೋಸ್ ಅಲ್ಲಿನ ಸಕ್ಕರೆ ದ್ವೀಪ. ಅಲ್ಲಿನ ಜಮೀನ್ದಾರಿ ಕುಟುಂಬಗಳನ್ನು ಕುರಿತು ಪೇಕೆ ಗಲ್ಯಾಗ 1982ರಲ್ಲಿ ಮಾಡಿದ ಚಿತ್ರವನ್ನು ನಮ್ಮ ಕಬ್ಬಿನ ಗದ್ದೆಗಳ ಜೊತೆಗಿಟ್ಟು ನೋಡುವುದು ನನ್ನ ಯೋಜನೆ. ಅರ್ಧ ಬರೆದ ಮೇಲೆ ಪಾಯವೇ ಸರಿಯಿಲ್ಲವೆಂದು ಕಂಡಿತು. ನಮ್ಮಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಬಂದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಕಬ್ಬು ಬೆಳೆದವರು ಬಹುಪಾಲು ಒಂದೆರಡು ಎಕರೆಯ ರೈತರು. ಕಾರ್ಖಾನೆ ಕಟಾವಿಗೆ ತಡಮಾಡಿದರೆ ಬೈದುಕೊಂಡು ಆಲೆಮನೆಗೆ ಹೊಡೆದು ಬೆಲ್ಲವನ್ನಾದರೂ ಮಾಡಿಕೊಳ್ಳುತ್ತಿದ್ದರು. ನೆಗ್ರೋಸಿನಲ್ಲಿ ಹಾಗಲ್ಲ. ಅಲ್ಲಿ ಇಡೀ ಊರೇ ಒಬ್ಬ ಒಡೆಯನ ಅಸಿಯೆಂಡಾ, ಅಂದರೆ ಎಸ್ಟೇಟು. ಬೇರೆ ದ್ವೀಪಗಳಿಂದ ಕಟಾವಿಗೆ ಬರುವ ‘ಸಕಾದ’ ಕೂಲಿಗಳಿಗೆ ಅಂಗೈಯಗಲ ನೆಲವೂ ಸ್ವಂತವಲ್ಲ. 1980ರ ದಶಕದ ನಡುವೆ ಸಕ್ಕರೆಯ ಬೆಲೆ ಕುಸಿದಾಗ ಒಡೆಯರು ಉಳುಮೆ ನಿಲ್ಲಿಸಿದರು, ಆ ಫಲವತ್ತಾದ ದ್ವೀಪದಲ್ಲಿ ಮಕ್ಕಳು ಹಸಿವಿನಿಂದ ಸತ್ತರು. ನಮ್ಮ ರೈತನ ಕಷ್ಟವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಎರಡೂ ಕಡೆ ಸಿಹಿಯೇ ಬೆಳೆದರೂ ಕತೆ ಒಂದಲ್ಲವೆಂದು ಅರಿತು ಎಂಬತ್ತು ಪುಟಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ.

ತಾನಾಗಿ ಹೊಂದಿಕೊಂಡದ್ದು ನಾನು ಯೋಜಿಸದೇ ಇದ್ದ ಒಂದು ಚಿತ್ರ. ಇಶ್ಮಾಯೆಲ್ ಬೆರ್ನಾಲ್ ನಿರ್ದೇಶನದ, 1982ರ ‘ಹಿಮಾಲಾ’. ಬರ ಬಿದ್ದ ಊರಿನ ಎಲ್ಸಾ ಎಂಬ ಹುಡುಗಿಗೆ ಮೇರಿಮಾತೆ ಕಾಣಿಸಿಕೊಂಡಳೆಂದು ಸುದ್ದಿಯಾಗಿ, ರೋಗಿಗಳು, ಯಾತ್ರಿಕರು, ವ್ಯಾಪಾರಿಗಳು ಮುತ್ತುತ್ತಾರೆ. ಕೊನೆಗೆ ಅವಳೇ ಜನಸಾಗರದೆದುರು ನಿಂತು ಪವಾಡವೆಂಬುದು ಇಲ್ಲವೇ ಇಲ್ಲ ಎನ್ನುತ್ತಾಳೆ. ಎಲ್ಸಾಳಾಗಿ ನಟಿಸಿದ ನೋರಾ ಔನೋರ್, ಬಾಲ್ಯದಲ್ಲಿ ರೈಲು ನಿಲ್ದಾಣದಲ್ಲಿ ನೀರು ಮಾರಿದವಳು. ಬಿಳಿ ತೊಗಲಿನ ಮೆಸ್ತಿಸಾ ನಾಯಕಿಯರ ಕಾಲದಲ್ಲಿ ಕಂದು ಮೈಬಣ್ಣದ ಅವಳು ತಾರೆಯಾದದ್ದೇ ಆ ಸಮಾಜದ ಒಂದು ತಿರುವು. ಊರಿನಲ್ಲಿ ಒಮ್ಮೆ ಲ್ಯಾಪ್‌ಟಾಪಿನಲ್ಲಿ ಇದನ್ನು ನೋಡುತ್ತಿದ್ದಾಗ ಅವ್ವ ಬಂದು ಕುಳಿತಳು. ನಾನು ಸಾಲುಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ. ನಡುವೆ ಅವಳು ಕೇಳಿದ್ದು ಒಂದೇ ಮಾತು: ‘ಆ ಹೆಣ್ಮಗೀಗೆ ಮೈದುಂಬಿದ್ದು ದಿಟ್ವಾ, ಸುಳ್ಳಾ ಮಗಾ?’ ನಲವತ್ತು ವರ್ಷಗಳಿಂದ ವಿಮರ್ಶಕರು ಜಗಳವಾಡುತ್ತಿರುವುದು ಇದೇ ಪ್ರಶ್ನೆಯ ಸುತ್ತ. ಮೇಳೆಯ ಮಾರಮ್ಮನ ಗುಡಿಯ ಮುಂದೆ ಮೈದುಂಬುವ ಹೆಂಗಸರನ್ನು ಕಂಡ ಅವ್ವನಿಗೆ ಅದು ಹೌದೂ ಆಗಬಹುದು, ಅಲ್ಲವೂ ಆಗಬಹುದು. ಗುಂಡಿನೇಟಿನ ದೃಶ್ಯ ಬರುವಷ್ಟರಲ್ಲಿ ಹಸು ಕೂಗಿತೆಂದು ಎದ್ದು ಹೋದಳು.

ತರಗತಿಯ ಅನುಭವ ಮಿಶ್ರವಾದದ್ದು. ಫಿಲಿಪ್ಪೀನ್ಸಿನ ನಿರ್ದೇಶಕ ಲಾವ್ ದಿಯಾಸ್‌ಗೆ 2016ರಲ್ಲಿ ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಪ್ರಶಸ್ತಿ ತಂದುಕೊಟ್ಟ ಚಿತ್ರ 226 ನಿಮಿಷದ್ದು. ಅವನ 2004ರ ಒಂದು ಚಿತ್ರ ಹತ್ತು ಗಂಟೆಗಳನ್ನು ಮೀರುತ್ತದೆ. ವಿದ್ಯಾರ್ಥಿಗಳು ಮೊಬೈಲು ತೆಗೆಯುತ್ತಾರೆ. ಆದರೆ ಮದ್ದೂರು, ನಾಗಮಂಗಲದ ಕಡೆಯಿಂದ ಬಂದವರು, ರಾತ್ರಿಯಿಡೀ ಕುರುಕ್ಷೇತ್ರ ನಾಟಕ ನೋಡಿ ಬೆಳಗ್ಗೆ ಹಾಗೆಯೇ ಗದ್ದೆಗೆ ಹೋದ ಮನೆಗಳ ಮಕ್ಕಳು, ಉದ್ದವಾಯಿತೆಂದು ದೂರಿದ್ದು ಕಡಿಮೆ. ನಡುವೆ ಎದ್ದು ಟೀ ಕುಡಿದು ಬರಬಹುದೇ ಎಂದಷ್ಟೇ ಕೇಳುತ್ತಾರೆ.

ಈಚಿನ ಮೂರು ವರ್ಷಗಳಿಂದ ನಾನು ಇಂಗ್ಲಿಷನ್ನು ಬದಿಗಿಟ್ಟು ತಗಾಲೊಗ್ ಕತೆಗಳನ್ನು ನೇರವಾಗಿ ಕನ್ನಡಕ್ಕೆ ತರುತ್ತಿದ್ದೇನೆ. ‘ಊತಾಂಗ್ ನಾ ಲೋಒಬ್’ ಎಂಬ ಮಾತನ್ನು ಕೃತಜ್ಞತೆಯ ಸಾಲವೆಂಬ ಅರ್ಥದಲ್ಲಿ ಇಂಗ್ಲಿಷಿನವರು ಬಳಸಿ ಬಳಸಿ ಸವೆಸಿದ್ದಾರೆ. ಊತಾಂಗ್ ಎಂದರೆ ಸಾಲ, ಲೋಒಬ್ ಎಂದರೆ ಒಳಗು. ಕನ್ನಡದಲ್ಲಿ ‘ಋಣ’ ಎಂದರೆ ಮುಗಿಯಿತು. ಉಪ್ಪಿನ ಋಣ, ಅನ್ನದ ಋಣ ಎನ್ನುವ ನಮಗೆ ಟಿಪ್ಪಣಿ ಬೇಕಿಲ್ಲ. ಆ ದೇಶದಲ್ಲಿ ಈವರೆಗೆ ಸಿಕ್ಕ, ಕಾಲ ನಮೂದಾಗಿರುವ ಅತ್ಯಂತ ಹಳೆಯ ಬರಹವೂ ಋಣದ್ದೇ. 1989ರಲ್ಲಿ ಲಗೂನಾ ಪ್ರಾಂತ್ಯದಲ್ಲಿ ದೊರೆತ, ಹಳೆಯ ಜಾವಾದ ‘ಕವಿ’ ಎಂಬ ಲಿಪಿಯ ಆ ತಾಮ್ರಪಟ ‘ಸ್ವಸ್ತಿ’ ಎಂದು ಆರಂಭವಾಗುತ್ತದೆ. ಶಕವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷದ ಚತುರ್ಥಿ, ಸೋಮವಾರ. ಕ್ರಿ.ಶ. 900, ನಮ್ಮಲ್ಲಿ ರಾಷ್ಟ್ರಕೂಟರ ಕಾಲ. ಒಬ್ಬನ ಚಿನ್ನದ ಸಾಲ ತೀರಿತೆಂದು ಅವನ ಸಂತತಿಗೆ ಬರೆದುಕೊಟ್ಟ ಪತ್ರವದು. ಮೈಸೂರಿನಲ್ಲಿ ಶಾಸನ ಓದುವ ಗೆಳೆಯರೊಬ್ಬರಿಗೆ ಆ ಮೊದಲ ಸಾಲನ್ನು ಓದಿ ಹೇಳಿದಾಗ, ಯಾವ ತಾಲ್ಲೂಕಿನದು ಎಂದು ಕೇಳಿದರು.

ಎಲ್ಲವೂ ಹೀಗೆ ಸಲೀಸಾಗಿ ಬಾರದು. ‘ಸಾಮಾ ನಾಂಗ್ ಲೋಒಬ್’ಗೆ ಮನಸ್ತಾಪ ಎಂದು ಬರೆದು, ಹೊಡೆದು, ಈಗ ಒಳಗುದಿ ಎಂದಿಟ್ಟಿದ್ದೇನೆ. ‘ಸಿಯಾ’ ಎಂಬ ಸರ್ವನಾಮಕ್ಕೆ ಲಿಂಗವಿಲ್ಲ, ನಮ್ಮ ಕನ್ನಡವೋ ಅವನೋ ಅವಳೋ ಹೇಳು ಎಂದು ಹಟ ಹಿಡಿಯುತ್ತದೆ. ಸದ್ಯ ಮೇಜಿನ ಮೇಲಿರುವ ಕತೆಯಲ್ಲಿ, ವಿದೇಶದ ದುಡಿಮೆಯಿಂದ ಮರಳಿದ ಮಗಳು ತಾಯಿಯೊಡನೆ ಮಾತಾಡುವಾಗ ಒಂದೇ ಒಂದು ವಾಕ್ಯದಲ್ಲಿ ‘ಪೋ’ ಎಂಬ ಮರ್ಯಾದೆಯ ಪದವನ್ನು ಬಿಟ್ಟುಬಿಡುತ್ತಾಳೆ. ಕತೆ ನಿಂತಿರುವುದೇ ಅದರ ಮೇಲೆ. ಬಹುವಚನವನ್ನು ಏಕವಚನಕ್ಕೆ ಇಳಿಸಿದರಾಯಿತೆಂದು ಮೊದಲು ಅಂದುಕೊಂಡೆ. ಆದರೆ ನಮ್ಮ ಮಂಡ್ಯದ ಕಡೆ ಹೆತ್ತವ್ವನನ್ನು ಎಷ್ಟು ಪ್ರೀತಿಯಿದ್ದರೂ ನೀನು ಎಂದೇ ಕರೆಯುವುದು. ಆ ತಾಯಿಯನ್ನು ಮೊದಲಿನಿಂದ ನೀವು ಎನ್ನಿಸಿದರೆ ಅವಳು ಅವ್ವನಾಗಿ ಉಳಿಯುವುದಿಲ್ಲ, ನೀನು ಎನ್ನಿಸಿದರೆ ಅವಳಿಗೆ ಆ ದಿನ ಆದ ಅವಮಾನ ಓದುಗನಿಗೆ ಕೇಳಿಸುವುದಿಲ್ಲ. ಹದಿನೈದು ದಿನಗಳಿಂದ ಆ ವಾಕ್ಯವನ್ನು ಖಾಲಿ ಬಿಟ್ಟು ಮುಂದಿನ ಪುಟಗಳನ್ನು ಮಾಡುತ್ತಿದ್ದೇನೆ.